ದೊಡ್ಡಕೆರೆ ಮೈದಾನದ ಮಣ್ಣು, ನಜರಬಾದಿನ ದೋಸೆ

ದಸರೆಗೆ ಮೈಸೂರಿಗೆ ಹೊರಟಿದ್ದೀವಿ ಅಂದ ಕೂಡಲೇ ಆಫೀಸಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು: “ಜಂಬೂ ಸವಾರಿಗೆ ಪಾಸ್ ಸಿಕ್ತಾ?” ಪಾಸಿಗಾಗಿ ನಾವು ಯಾರ ಬಾಗಿಲನ್ನೂ ತಟ್ಟಿರಲಿಲ್ಲ. ನಮಗೆ ಬೇಕಾಗಿದ್ದು ಕುಸ್ತಿ, ಅದರ ಹಿಂದೆ ಮುಂದೆ ಹೊಟ್ಟೆ ತುಂಬ ಊಟ. ಆನೆ ಸಿಕ್ಕರೆ ಲಾಭ.

ನಾನು, ಶೋಭಾ, ಮಂಜ, ಇರ್ಫಾನ್ ನಾಲ್ವರೂ ದಾವಣಗೆರೆಯವರು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಬಯಲು ಕುಸ್ತಿಯ ಕಣದ ಸುತ್ತ ಧೂಳು ಕುಡಿದೇ ದೊಡ್ಡವರಾದವರು. ಇರ್ಫಾನನ ಚಿಕ್ಕಪ್ಪ ಒಂದು ಕಾಲಕ್ಕೆ ಗರಡಿಯಲ್ಲಿ ಸಾಮು ಮಾಡಿದವರು, ಹಾಗಾಗಿ ಪಟ್ಟುಗಳ ಹೆಸರು ಸಲೀಸಾಗಿ ಬಾಯಿಗೆ ಬರುವುದು ಅವನೊಬ್ಬನಿಗೇ. ಮಂಜನಿಗೆ ಊಟದ ಹೆಸರುಗಳು ಮಾತ್ರ ಬರುತ್ತವೆ. ಮೈಸೂರಿನ ಕೆ.ಆರ್. ಮೊಹಲ್ಲಾದಲ್ಲಿ ನಮ್ಮ ಕಾಲೇಜಿನ ನಾಗ ಇದ್ದಾನೆ. ದಸರೆಯಲ್ಲಿ ರೂಮು ಹುಡುಕುವ ಕಷ್ಟ ಅವನ ಮನೆಯ ಮಹಡಿಯಲ್ಲಿ ಮುಗಿಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದಸರಾ ಕುಸ್ತಿ ನವರಾತ್ರಿಯ ಆರಂಭದಲ್ಲೇ ಶುರುವಾಗಿ ಸಾಮಾನ್ಯವಾಗಿ ಆಯುಧಪೂಜೆಗೆ ಮುಂಚೆಯೇ ಮುಗಿದುಹೋಗುತ್ತದೆ. ಆನೆ ನೋಡಲು ಕೊನೆಯ ದಿನ ಬಸ್ಸು ಹತ್ತುವವರಿಗೆ ಮಣ್ಣು ಸಿಗುವುದಿಲ್ಲ. ನಾವು ಶನಿವಾರ ಬೆಳಗ್ಗೆಯೇ ಹೊರಟಿದ್ದು ಅದಕ್ಕೇ.

ಶನಿವಾರ

ಬೆಂಗಳೂರಿನಿಂದ ಎಕ್ಸ್‌ಪ್ರೆಸ್‌ವೇ ಹಿಡಿದರೆ ಎರಡು ಗಂಟೆಯೊಳಗೆ ಮೈಸೂರು. ಆದರೆ ಆ ರಸ್ತೆಗೆ ಊರುಗಳ ಹಂಗೇ ಇಲ್ಲ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವೂ ಪಕ್ಕಕ್ಕೆ ಸರಿದುಹೋಗುತ್ತವೆ, ಜೊತೆಗೆ ತಟ್ಟೆ ಇಡ್ಲಿಯೂ ವಡೆಯೂ. ಮಂಜ ಹಳೇ ರಸ್ತೆಯೇ ಆಗಬೇಕೆಂದು ಹಟ ಹಿಡಿದ. ಬಿಡದಿಯಲ್ಲಿ ಇಳಿದು ತಟ್ಟೆ ಇಡ್ಲಿ ತಿಂದೆವು, ಮೇಲೆ ಬೆಣ್ಣೆಯ ಮುದ್ದೆ ಕರಗುತ್ತಿತ್ತು. ಶೋಭಾ ಒಂದು ಸಾಕು ಅಂದಳು. ಬಂದದ್ದನ್ನು ಮುಗಿಸಿ ಇನ್ನೊಂದು ಹೇಳಿದಳು.

ಚನ್ನಪಟ್ಟಣ ಬಂದಾಗ ಎಲ್ಲರೂ ರಸ್ತೆ ಬದಿಯ ಗೊಂಬೆ ಅಂಗಡಿಗಳ ಕಡೆ ತಿರುಗಿದರೆ ಇರ್ಫಾನ್ ಮಾತ್ರ ಊರ ಒಳಗಿನ ಬೀದಿಗಳತ್ತ ಕೈ ತೋರಿಸಿದ. “ಇಲ್ಲಿ ಜಟ್ಟಿಗಳ ಮನೆ ಅದಾವೆ. ವಿಜಯದಶಮಿ ದಿನ ಅರಮನೇಲಿ ಮೊನೆ ಇರೋ ಮುಷ್ಟಿ ಹಿಡ್ದು ವಜ್ರಮುಷ್ಟಿ ಕಾಳಗ ಆಡೋ ನಾಕು ಮಂದೀಲಿ ಒಬ್ಬ ಈ ಊರಿಂದ ಹೋಗ್ತಾನೆ. ಉಳಿದೋರು ಮೈಸೂರು, ಬೆಂಗಳೂರು, ಚಾಮರಾಜನಗರದೋರು.” ಗೊಂಬೆಯ ಊರೆಂದೇ ತಿಳಿದಿದ್ದ ಜಾಗಕ್ಕೆ ಮುಷ್ಟಿಯೂ ಒಂದಿದೆ ಎಂಬುದು ನನಗೆ ಹೊಸದು.

ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಂಡೆವು. ಮದ್ದೂರು ವಡೆ ತೆಗೆದುಕೊಳ್ಳುವಾಗ ಬಾಣಲೆಯ ಪಕ್ಕ ನಿಂತು ಬಿಸಿಯದನ್ನೇ ಕೇಳಬೇಕು. ಬೆಳಗ್ಗೆ ಕರಿದು ಬುಟ್ಟಿಗೆ ಹಾಕಿದ್ದು ಮಧ್ಯಾಹ್ನದ ಹೊತ್ತಿಗೆ ಹಲ್ಲಿಗೆ ಕೆಲಸ ಕೊಡುತ್ತದೆ. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಕಾವೇರಿಯ ಬಂಡೆಗಳ ನಡುವೆ ಹುಡುಗರು ಈಜುತ್ತಿದ್ದರು. ರಾಜ ಒಡೆಯರು 1610ರಲ್ಲಿ ದಸರೆ ಶುರು ಮಾಡಿದ್ದು ಇದೇ ಊರಿನಲ್ಲಿ. ಈಗ ಜನಸಾಗರವೆಲ್ಲ ಮುಂದಿನ ಊರಿಗೆ ಹರಿಯುತ್ತದೆ. ದಾರಿಯಲ್ಲಿ ಒಂದು ದಿನ ಉಳಿದಿರುವವರು ಇಲ್ಲಿಯ ಸಣ್ಣ ದಸರೆಯನ್ನೂ ನೋಡಬಹುದು.

ಮಧ್ಯಾಹ್ನ ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿನಲ್ಲಿ ಮಟನ್ ಪಲಾವ್. ಒಳಗೆ ಜಾಗ ಸಿಗಲು ಊಟ ಮಾಡುತ್ತಿರುವವರ ಬೆನ್ನ ಹಿಂದೆ ನಿಂತು ಕಾಯಬೇಕು. ಅವರು ಕೊನೆಯ ತುತ್ತು ಎತ್ತುವ ಮೊದಲೇ ನೀವು ಕುರ್ಚಿಯ ಮೇಲೆ ಕೈ ಇಟ್ಟಿರಬೇಕು. ಇದರಲ್ಲಿ ನಾಚಿಕೆ ಪಟ್ಟವರಿಗೆ ಪಲಾವ್ ಇಲ್ಲ. ಬಣ್ಣವೂ ಗಿಣ್ಣವೂ ಇಲ್ಲದ, ಮಸಾಲೆ ಅನ್ನದೊಳಗೆ ಅಡಗಿ ಕುಳಿತ ಪಲಾವ್. ಹಿಂದಿನ ಟೇಬಲ್ಲಿನಲ್ಲಿ ಕಿವಿ ಮುದುಡಿದ ಇಬ್ಬರು ಹುಡುಗರು ಬರೀ ಕಾಲು ಸೂಪು ಕುಡಿಯುತ್ತಿದ್ದರು. ಇರ್ಫಾನ್ ಮೊಣಕೈಯಿಂದ ತಿವಿದ: “ಕಿವಿ ನೋಡು. ಪೈಲ್ವಾನ್ರು.” ವರ್ಷಗಟ್ಟಲೆ ತಲೆಗೆ ತಲೆ ಉಜ್ಜಿ ಕಿವಿಯ ಮೃದ್ವಸ್ಥಿ ಮುರಿದು, ರಕ್ತ ಗಟ್ಟಿಯಾಗಿ ಹಾಗಾಗುತ್ತದೆ. ಗರಡಿಯಲ್ಲಿ ಅದೊಂದು ಪದವಿ. ಅವರಿಗೆ ಸಂಜೆ ಕುಸ್ತಿಯ ಜೋಡಿ ಇತ್ತಂತೆ, ಅದಕ್ಕೇ ಅನ್ನ ಮುಟ್ಟಿರಲಿಲ್ಲ. ನಮಗೇನೂ ಜೋಡಿ ಇರಲಿಲ್ಲವಲ್ಲ.

ಅರಮನೆಯಿಂದ ದೊಡ್ಡಕೆರೆ ಮೈದಾನಕ್ಕೆ ನಡೆದೇ ಹೋಗಬಹುದು. ದಸರೆಯಲ್ಲಿ ನಡೆದೇ ಹೋಗಬೇಕು, ಗಾಡಿ ನಿಲ್ಲಿಸುವ ಮಾತೇ ಇಲ್ಲ. ವಸ್ತುಪ್ರದರ್ಶನದ ಆಚೆಗಿರುವ ದೇವರಾಜ ಅರಸು ಕ್ರೀಡಾಂಗಣವೇ ಕುಸ್ತಿಯ ಅಖಾಡ. ನಾವು ಹೋದ ದಿನ ಟಿಕೆಟ್ಟೂ ಇರಲಿಲ್ಲ, ಪಾಸೂ ಇರಲಿಲ್ಲ. ಒಳಗೆ ಕಾಲಿಟ್ಟರೆ ಬಿಸಿಲು, ಬೆವರು, ಕಡಲೆಕಾಯಿ ಸಿಪ್ಪೆ, ತಮಟೆ. ನಡುವೆ ಆ ಕೆಂಪು ಮಣ್ಣು. ಅದನ್ನು ಬರೀ ಮಣ್ಣು ಅಂದರೆ ಪೈಲ್ವಾನರು ಬೇಜಾರು ಮಾಡಿಕೊಳ್ಳುತ್ತಾರೆ. ಜರಡಿ ಹಿಡಿದ ಕೆಮ್ಮಣ್ಣಿಗೆ ಅರಿಶಿನ, ಕುಂಕುಮ, ಮಜ್ಜಿಗೆ, ತುಪ್ಪ, ನಿಂಬೆರಸ, ಕರ್ಪೂರ ಬೆರೆಸಿ ಹದ ಮಾಡುತ್ತಾರೆ. ಗಾಳಿ ನಮ್ಮ ಕಡೆ ತಿರುಗಿದಾಗ ದೇವಸ್ಥಾನದ ವಾಸನೆ ಬಂತು.

ಮೊದಲು ಚಾಪೆಯ ಮೇಲೆ ಹೆಣ್ಣುಮಕ್ಕಳ ಪಾಯಿಂಟ್ ಕುಸ್ತಿ. ಮೂರು ಮೂರು ನಿಮಿಷದ ಎರಡು ಸುತ್ತು, ಲೆಕ್ಕವೆಲ್ಲ ಪಕ್ಕಾ. ನೀಲಿ ಬಟ್ಟೆಯ ಒಂದು ಸಣ್ಣ ಹುಡುಗಿ, ಹದಿನಾರೋ ಹದಿನೇಳೋ ಇರಬೇಕು, ತನಗಿಂತ ಎತ್ತರದವಳ ಕಾಲಿಗೆ ನುಗ್ಗಿ, ಎತ್ತಿ, ತಿರುಗಿಸಿ ಹಾಕಿದಳು. ಅಂಕದ ಅಂತರ ಹತ್ತು ಮುಟ್ಟಿದ ಕೂಡಲೇ ಆಟ ಮುಗಿಯಿತು, ಎರಡನೇ ಸುತ್ತಿನವರೆಗೂ ಹೋಗಲಿಲ್ಲ. ಗೆದ್ದವಳು ನಗಲೂ ಇಲ್ಲ, ಜಡೆ ಬಿಚ್ಚಿಹೋಗಿದೆಯಾ ಎಂದು ಮುಟ್ಟಿ ನೋಡಿಕೊಂಡಳು. ಗ್ಯಾಲರಿಯ ಗಂಡಸರು ಇಷ್ಟು ಹೊತ್ತು ಮಾತಾಡುತ್ತಿದ್ದವರು ಆಗ ಎದ್ದು ನಿಂತು ಶಿಳ್ಳೆ ಹೊಡೆದರು. ಹೆಣ್ಣುಮಕ್ಕಳಿಗೆ ಇಲ್ಲಿ ದಸರಾ ಕಿಶೋರಿ ಎಂಬ ಪಟ್ಟವಿದೆ. ಗಂಡಸರಿಗೆ ದಸರಾ ಕಂಠೀರವ, ಕೇಸರಿ, ಕುಮಾರ.

ಆಮೇಲೆ ನಾಡಕುಸ್ತಿ. ಅಲ್ಲಿಂದಾಚೆಗೆ ಗಡಿಯಾರ ನೋಡುವುದು ಬಿಟ್ಟೆವು. ನಮ್ಮ ಪಕ್ಕದಲ್ಲಿ ಬಿಳಿ ಪಂಚೆಯ ಒಬ್ಬ ತಾತ ಕೂತಿದ್ದರು, ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಪೈಲ್ವಾನರ ಕೈಗಳನ್ನೇ ನೋಡುತ್ತಿದ್ದುದನ್ನು ಗಮನಿಸಿ ಹೇಳಿದರು: “ಕೈ ನೋಡ್ಬ್ಯಾಡ ಕಣವ್ವ. ಕೈ ಸುಳ್ಳು ಹೇಳ್ತದೆ. ಪಾದ ನೋಡು. ಹೆಬ್ಬೆರಳು ಮಣ್ಣಿಗೆ ಕಚ್ಚಿತು ಅಂದ್ರೆ ಈಗ ನುಗ್ತಾನೆ ಅಂತ.” ಆಮೇಲೆ ನೋಡಿದರೆ ಹೌದು. ಇಬ್ಬರೂ ಕುತ್ತಿಗೆಗೆ ಕೈ ಹಾಕಿ ಹಣೆಗೆ ಹಣೆ ಕೊಟ್ಟು ನಿಂತಿರುವಾಗ ಏನೂ ನಡೆಯುತ್ತಿಲ್ಲ ಎಂದು ತೋರುತ್ತದೆ. ಕೆಳಗೆ ಪಾದಗಳು ಮಾತ್ರ ಇಂಚಿಂಚು ಸರಿಯುತ್ತಿರುತ್ತವೆ.

ನಾಡಕುಸ್ತಿಯಲ್ಲಿ ಅಂಕಗಳಿಲ್ಲ. ಎರಡೂ ಭುಜ ಮಣ್ಣಿಗೆ ತಾಗಿಸಿ ಚಿತ್ ಮಾಡಬೇಕು, ಅಷ್ಟೆ. ಬೋರಲು ಬಿದ್ದರೆ ಸೋಲಲ್ಲ, ಮಗ್ಗುಲಿಗೆ ಬಿದ್ದರೂ ಸೋಲಲ್ಲ. ಹಾಗಾಗಿ ಸೋಲುತ್ತಿರುವವನು ಕೈಕಾಲು ಚಾಚಿ ಹೊಟ್ಟೆಯ ಮೇಲೆ ಮಲಗಿಬಿಡುತ್ತಾನೆ, ಮೇಲಿನವನು ಅವನನ್ನು ಮಗುಚಲು ಹೆಣಗುತ್ತಾನೆ. ಬೆವರಿಗೆ ಮೈ ಜಾರತೊಡಗಿದರೆ ಒಂದು ಹಿಡಿ ಮಣ್ಣು ಎತ್ತಿ ಎದುರಾಳಿಯ ಬೆನ್ನಿಗೇ ಉಜ್ಜುತ್ತಾರೆ. ಹಾಗೆ ತೂರಿದ ಮಣ್ಣಿನಲ್ಲಿ ಒಂದು ಪಾಲು ಇರ್ಫಾನನ ಹೊಸ ಬಿಳಿ ಅಂಗಿಗೆ ಬಂತು. ಅವನು ಕೊಡವಲಿಲ್ಲ. ಮರುದಿನವೂ ಅದೇ ಅಂಗಿ.

ಆ ದಿನದ ಕುಸ್ತಿ ಅಂದರೆ ನನಗೆ ನೆನಪಿರುವುದು ಒಂದೇ ಜೋಡಿ. ಒಬ್ಬ ಬೆಳಗಾವಿ ಕಡೆಯವನು, ಅಗಲ ಎದೆ, ಗಿಡ್ಡ ಕುತ್ತಿಗೆ. ಇನ್ನೊಬ್ಬ ಮೈಸೂರಿನವನು, ಅವನ ಮುಂದೆ ಸೊರಗಿದಂತೆ ಕಾಣುತ್ತಿದ್ದ. ಇಂಥ ಜೋಡಿಗಳನ್ನು ಆ ಹೊತ್ತಿಗೆ ಕಟ್ಟುವುದಿಲ್ಲ. ದಸರೆಗೆ ಮುಂಚೆಯೇ ಒಂದು ದಿನ ಎಲ್ಲ ಗರಡಿಗಳ ಉಸ್ತಾದರು ಸೇರಿ, ತೂಕ, ವಯಸ್ಸು, ಹಿಂದಿನ ಕುಸ್ತಿ ನೋಡಿ ಜೋಡಿ ಕಟ್ಟುತ್ತಾರೆ. “ಈ ಜೋಡಿ ಕಟ್ಟಿದೋನು ಕಿಲಾಡಿ” ಅಂದರು ತಾತ. ಬೆಳಗಾವಿಯವನು ಮೊದಲ ನಿಮಿಷದಲ್ಲೇ ಕಲಾಜಂಗ್ ಹಾಕಲು ಬಗ್ಗಿದ. ಎದುರಾಳಿಯನ್ನು ಹೆಗಲ ಮೇಲೆ ಅಡ್ಡ ಎತ್ತಿ ಒಗೆಯುವ ಪಟ್ಟು ಅದು. ಸೊರಗಿದವನು ಹೆಗಲ ಮೇಲಿಂದಲೇ ಹೇಗೋ ನುಲಿದು ಬೋರಲಾಗಿ ಬಿದ್ದ. ಮೈದಾನವೆಲ್ಲ “ಹೋ…” ಅಂದಿತು. ಮತ್ತೆ ಎತ್ತಿದ, ಮತ್ತೆ ನುಲಿದ. ಕಾಲು ಗಂಟೆಯಾದ ಮೇಲೆ ಆಟ ತಿರುಗಿತು. ದೊಡ್ಡವನ ಉಸಿರು ನಮಗೇ ಕೇಳುವಷ್ಟಾಯಿತು. ಸೊರಗಿದವನು ಕೆಳಗೆ ಸೇರಿ ಕಾಲು ಹಿಡಿದ, ಒಂದು ಭುಜ ಮಣ್ಣಿಗೆ ತಾಗಿಸಿದ, ಇನ್ನೊಂದು ಭುಜಕ್ಕೂ ಮಣ್ಣಿಗೂ ನಾಲ್ಕು ಬೆರಳಿನ ಅಂತರವಿದ್ದಾಗ ಸೀಟಿ ಊದಿತು. ಸಮಯ ಮುಗಿದಿತ್ತು. ಮೈಕಿನಲ್ಲಿ “ಸಮಬಲ” ಅಂದರು.

ಜನ ಒಪ್ಪಲಿಲ್ಲ. ಇನ್ನೈದು ನಿಮಿಷ ಕೊಡಿ ಎಂದು ಕೂಗಿದರು, ಟೋಪಿ ಎಸೆದರು. ಪೈಲ್ವಾನರಿಬ್ಬರು ಮಾತ್ರ ಒಬ್ಬರ ಬೆನ್ನ ಮಣ್ಣನ್ನು ಒಬ್ಬರು ಒರೆಸಿಕೊಂಡು ಗ್ಯಾಲರಿಯ ಮುಂದೆ ಒಂದು ಸುತ್ತು ಬಂದರು. ಹತ್ತು, ಇಪ್ಪತ್ತು, ನೂರರ ನೋಟುಗಳನ್ನು ಜನ ಬಗ್ಗಿ ಕೈಗಿಟ್ಟರು. ತಾತನೂ ಪಂಚೆಯ ಗಂಟು ಬಿಚ್ಚಿ ಇಬ್ಬರಿಗೂ ಐವತ್ತೈವತ್ತು ಕೊಟ್ಟರು. ಹೊರಡುವಾಗ ನಮ್ಮನ್ನು ಕೇಳಿದರು: “ನಾಳೆ ಸಂಜೆ ನಮ್ ಗರಡಿ ತಾವ ಬನ್ನಿ. ನಾಲ್ಕು ಹುಡುಗ್ರು ಸಾಮು ಮಾಡ್ತವೆ.”

ರಾತ್ರಿ ಮಳೆ ಹೊಯ್ಯಿತು. ನಾಗನ ಮನೆಯ ಹಾಲಿನಲ್ಲಿ ಒಂಬತ್ತು ಮೆಟ್ಟಿಲ ಗೊಂಬೆ, ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು. ಅಕ್ಕಪಕ್ಕದ ಮಕ್ಕಳು ಚರ್ಪು ತಿನ್ನಲು ಬಂದಿದ್ದವು. ಮಕ್ಕಳಿಗಿಟ್ಟಿದ್ದ ಕೋಡುಬಳೆಯ ಡಬ್ಬಿಯನ್ನು ನಾಗನ ಅಮ್ಮ ಮಂಜನ ಕೈಯಿಂದ ಎರಡು ಸಲ ಕಿತ್ತುಕೊಳ್ಳಬೇಕಾಯಿತು.

ಭಾನುವಾರ

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದಿದ್ದರೆ ಆರು ಗಂಟೆಗೆ ಕೆಳಗಿರಬೇಕು. ಎಂಟರ ಮೇಲೆ ಬಿಸಿಲಿಗೆ ಕಲ್ಲು ಕಾಯುತ್ತದೆ. ದೊಡ್ಡ ದೇವರಾಜ ಒಡೆಯರ ಕಾಲದ ಈ ಸಾವಿರ ಮೆಟ್ಟಿಲುಗಳಲ್ಲಿ ನಾವು ನಂದಿಯವರೆಗೆ ಹೋಗಿ ಕೂತೆವು. ನಮ್ಮನ್ನು ದಾಟಿಕೊಂಡು ಒಂದಷ್ಟು ಹುಡುಗರು ಮೆಟ್ಟಿಲುಗಳನ್ನು ಕಪ್ಪೆಯಂತೆ ಕುಪ್ಪಳಿಸುತ್ತ ಹತ್ತಿದರು. ಕುಂಕುಮ ಹಚ್ಚುತ್ತ ಹತ್ತುತ್ತಿದ್ದ ಹೆಂಗಸರು ಅವರಿಗೆ ದಾರಿ ಬಿಟ್ಟು, ಬೈದು, ಮತ್ತೆ ಮೆಟ್ಟಿಲಿಗೆ ಬಗ್ಗಿದರು. ನಂದಿಯ ಹತ್ತಿರ ಗಾಳಿ ಚೆನ್ನಾಗಿತ್ತು, ರಾತ್ರಿಯ ಮಳೆಗೆ ಊರು ತೊಳೆದಿಟ್ಟಂತಿತ್ತು. ಮೇಲಿನವರೆಗೂ ಹೋಗೋಣ ಎಂದು ಶೋಭಾ ಅಂದಳು. ಮಂಜ ದೋಸೆಯ ಹೆಸರೆತ್ತಿದ. ಇಳಿದೆವು.

ನಜರಬಾದಿನಲ್ಲಿ ಮೈಲಾರಿ ಹೆಸರಿನ ಹೋಟೆಲು ಒಂದಲ್ಲ. ಯಾವುದು ಅಸಲಿ ಎಂಬ ಪಂಚಾಯಿತಿಗೆ ಮೈಸೂರಿನವರ ಮನೆಗಳಲ್ಲೇ ಎರಡು ಪಕ್ಷಗಳಿವೆ. ನಾಗನ ಪಕ್ಷಕ್ಕೆ ನಾವು ಕೈ ಎತ್ತಿದೆವು. ಒಳಗೆ ಕೆಲವೇ ಟೇಬಲ್ಲು, ಅಪರಿಚಿತರ ಜೊತೆ ಮೊಣಕೈಗೆ ಮೊಣಕೈ ತಾಗಿಸಿ ಕೂರಬೇಕು. ದಾವಣಗೆರೆಯವರಿಗೆ ಇಲ್ಲಿ ಒಂದು ಧರ್ಮಸಂಕಟ ಇದೆ. ನಮ್ಮದು ಸೌದೆ ಒಲೆಯ ಮೇಲೆ ಅಂಚು ಗರಿಗರಿಯಾಗಿ, ಬೆಣ್ಣೆ ಬುರುಬುರು ಅನ್ನುವ ದೋಸೆ. ಇವರದು ಗರಿಯೇ ಇಲ್ಲದ, ಬಾಯಿಗಿಟ್ಟರೆ ಅಗಿಯುವ ಮುನ್ನ ಹೋಗಿಬಿಡುವ ಮೆತ್ತನೆಯ ದೋಸೆ, ಒಳಗೆ ಸಾಗು, ಮೇಲೊಂದು ಉಂಡೆ ಬೆಣ್ಣೆ, ಪಕ್ಕದಲ್ಲಿ ಕಾಯಿಚಟ್ನಿ. “ದೋಸೆ ಅಂದ್ರೆ ಸಪ್ಪಳ ಬರ್ಬೇಕಲೇ” ಎಂದು ಮಂಜ ಊರಿನ ಮಾನ ಕಾಪಾಡಿದ. ಹಾಗೆನ್ನುತ್ತಲೇ ಮೂರನೆಯದಕ್ಕೆ ಬೆರಳೆತ್ತಿದ. ನನ್ನ ತೀರ್ಪು ಕೇಳಿದರೆ: ಬೆಳಗ್ಗೆ ಮೈಲಾರಿ, ಸಂಜೆ ದಾವಣಗೆರೆ. ಇಲ್ಲಿಗೆ ಒಂಬತ್ತರೊಳಗೆ ಹೋಗಿ, ಆಮೇಲಾದರೆ ಸಾಲು ರಸ್ತೆಗೆ ಬರುತ್ತದೆ.

ಸಂಜೆ ಗರಡಿ. ಓಣಿಯ ಕೊನೆಯಲ್ಲಿ ಒಂದು ತಗ್ಗು ಕಟ್ಟಡ, ಸೊಂಟ ಬಗ್ಗಿಸಿ ಒಳಗೆ ಹೋಗಬೇಕಾದಷ್ಟು ಗಿಡ್ಡ ಬಾಗಿಲು. ಗಂಡಸರು ಚಪ್ಪಲಿ ಬಿಟ್ಟು, ಹೊಸ್ತಿಲಿಗೆ ನಮಸ್ಕಾರ ಮಾಡಿ ಒಳಗೆ ಹೋದರು. ನಾನೂ ಶೋಭಾಳೂ ಹೊರಗೆ. ಒಳಗೆ ಹನುಮಂತ ಇದ್ದಾನೆ, ಹೆಣ್ಣುಮಕ್ಕಳು ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿನ ಕಣಕ್ಕೆ, ಇಳಿಯುವ ಹಾಗಿಲ್ಲ ಎಂದು ತಾತ ಮೆತ್ತಗೆ ಹೇಳಿದರು. ಅವರಿಗೂ ಹೇಳಲು ಮುಜುಗರವಿತ್ತು. ಹಿಂದಿನ ದಿನ ನೀಲಿ ಬಟ್ಟೆಯ ಹುಡುಗಿಗೆ ಇದೇ ತಾತ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಕುಸ್ತಿಪಟು ಸಾಕ್ಷಿ ಮಲಿಕ್ ರಿಯೊ ಒಲಿಂಪಿಕ್ಸ್‌ನಿಂದ ಪದಕ ತಂದು ಇಷ್ಟು ವರ್ಷವಾದ ಮೇಲೂ ಈ ಹೊಸ್ತಿಲು ಇದ್ದಲ್ಲೇ ಇದೆ. ನನಗೆ ಅದು ಹಿಡಿಸಲಿಲ್ಲ, ಹಿಡಿಸಿತೆಂದು ಬರೆಯುವುದೂ ಇಲ್ಲ.

ಆದರೆ ಹೊರಗೆ ಕೂತದ್ದಕ್ಕೆ ಸಿಕ್ಕಿದ್ದು ಎದುರು ಮನೆಯ ಜಗಲಿ ಮತ್ತು ಅಲ್ಲಿ ಮಲ್ಲಿಗೆ ಕಟ್ಟುತ್ತ ಕೂತಿದ್ದ ಅಜ್ಜಿ. ಅವರ ಯಜಮಾನರು ಇದೇ ಗರಡಿಯವರಂತೆ. “ಪೈಲ್ವಾನ್ನ ಕಟ್ಕೊಂಡೋಳ ಪಾಡು ಕೇಳ್ಬ್ಯಾಡ ಕಣವ್ವ. ಬಾದಾಮಿ ಅವ್ರಿಗೆ, ಸಿಪ್ಪೆ ಸುಲಿಯೋದು ನಂಗೆ. ರಾತ್ರಿ ನೆನೆಹಾಕು, ಬೆಳಗ್ಗೆ ಅರಿ, ಹಾಲಿಗ್ ಕಲಸು. ತುಪ್ಪ ಎಷ್ಟಿದ್ರೂ ಸಾಲ್ದು. ಗೆದ್ದು ಬಂದಾಗ ಪೇಟ ಹಾಕ್ಕೊಂಡು ಮೆರವಣಿಗೇಲಿ ಬರೋರು. ಸೋತ್ ಬಂದ್ರೆ ಮೂರು ದಿವ್ಸ ಮಾತಿಲ್ಲ.” ಅವರ ಮೊಮ್ಮಗಳು ಈಗ ಶಾಲೆಯಲ್ಲಿ ಚಾಪೆ ಕುಸ್ತಿ ಕಲಿಯುತ್ತಿದ್ದಾಳಂತೆ. “ಅದಕ್ಕೂ ನಾನೇ ಸುಲೀತಿವ್ನಿ” ಅಂದರು. ಮಲ್ಲಿಗೆಯ ಒಂದೊಂದು ತುಂಡು ನಮ್ಮಿಬ್ಬರ ತಲೆಗೂ ಸಿಕ್ಕಿತು.

ಅಷ್ಟರಲ್ಲಿ ಒಳಗಿನಿಂದ ಮಂಜನ ಕೂಗು. ನಡೆದದ್ದು ಇಷ್ಟು: ಕುತ್ತಿಗೆ ಪಟ್ಟು ಹೇಗೆ ಎಂದು ಇವನೇ ಕೇಳಿದ್ದಾನೆ. ಎಪ್ಪತ್ತು ದಾಟಿದ ತಾತ “ಹಿಂಗೆ” ಎಂದು ಎರಡು ಬೆರಳು ಕುತ್ತಿಗೆಯ ಹಿಂದೆ ಇಟ್ಟಿದ್ದಾರೆ. ಇಟ್ಟಿದ್ದಷ್ಟೇ ಎಂದು ಇರ್ಫಾನ್ ಆಣೆ ಮಾಡಿ ಹೇಳಿದ. ಮಂಜ ಮಂಡಿಯೂರಿದ್ದ. ಹೊರಗೆ ಬಂದಾಗ ಅವನ ತಲೆ ಎಡಕ್ಕೆ ಮಾತ್ರ ತಿರುಗುತ್ತಿತ್ತು.

ಆಹಾರ ಮೇಳದಲ್ಲಿ ಅವನು ಹಾಗೆಯೇ ತಿಂದ. ಎಡಗಡೆಯ ಮಳಿಗೆಗಳು ಅವನಿಗೆ, ಬಲಗಡೆಯವು ನಮಗೆ. ಹೆಗ್ಗಡದೇವನಕೋಟೆ ಕಡೆಯ ಕಾಡಿನ ಜನರ ಮಳಿಗೆಯಲ್ಲಿ ಬಂಬೂ ಬಿರಿಯಾನಿ ಮಾಡುತ್ತಿದ್ದರು: ಹಸಿ ಬಿದಿರಿನ ಬೊಂಬಿನೊಳಗೆ ಅಕ್ಕಿ, ಕೋಳಿ, ಮಸಾಲೆ ತುಂಬಿ, ಬಾಯಿಗೆ ಎಲೆ ಗಿಡಿದು, ಕೆಂಡದ ಮೇಲೆ ಒರಗಿಸಿಡುವುದು. ಬೊಂಬು ಸೀಳಿದಾಗ ಬರುವ ಹಸಿರು ಹೊಗೆಯ ವಾಸನೆ ಅನ್ನದಲ್ಲೂ ಇರುತ್ತದೆ. ಸಾಲು ಉದ್ದ, ಕೈಗೆ ಬರುವುದು ಸ್ವಲ್ಪ. ಹೊಟ್ಟೆ ಹಸಿದು ಹೋಗಬೇಡಿ, ಮೊದಲು ಪಕ್ಕದಲ್ಲಿ ಏನಾದರೂ ತಿಂದು ಸಾಲಿಗೆ ನಿಲ್ಲಿ. ಬಿದಿರಕ್ಕಿ ಪಾಯಸಕ್ಕೆ ಶೋಭಾ ಎರಡು ಸಲ ಸಾಲು ನಿಂತಳು.

ಸೋಮವಾರ

ಆಯುಧಪೂಜೆ. ಬೆಳಗ್ಗೆಯಿಂದ ಊರಿನ ಆಟೋ, ಬಸ್ಸು, ಟ್ರಾಕ್ಟರುಗಳಿಗೆಲ್ಲ ಬಾಳೆಕಂದು, ಸೇವಂತಿಗೆ. ರಸ್ತೆ ತುಂಬ ಒಡೆದ ಬೂದುಗುಂಬಳ. ಆ ದಿನ ಸ್ಕೂಟರಿನಲ್ಲಿ ತಿರುಗುವುದು ಕುಸ್ತಿಗಿಂತ ಅಪಾಯದ ಕೆಲಸ. ನಮ್ಮ ಕಣ್ಣೆದುರೇ ಇಬ್ಬರು ಜಾರಿ ಕೂತರು, ಏಟಾಗಲಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಬೆಲೆ ಕೇಳಿದವರು ಮೊಳದ ಬದಲು ಗೇಣಿಗೆ ಇಳಿದಿದ್ದರು. ಮೈಸೂರು ಪಾಕಿಗೆ ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್ ಮುಂದೆ ನಿಂತೆವು. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ. ಬಿಸಿ ಇದ್ದಾಗ ಅಲ್ಲೇ ನಿಂತು ತಿನ್ನುವುದು ಒಂದು ರುಚಿ, ಮನೆಗೆ ತಂದು ತಿನ್ನುವುದು ಇನ್ನೊಂದು. ಮೊದಲನೆಯದೇ ಮೇಲು.

ಮಧ್ಯಾಹ್ನ ಗರಡಿಯ ಪೂಜೆಗೆ ಕರೆ ಇತ್ತು. ಗದೆ, ಕಲ್ಲುಗುಂಡು, ಮಣ್ಣು ಅಗೆಯುವ ಗುದ್ದಲಿ ಎಲ್ಲಕ್ಕೂ ವಿಭೂತಿ, ಕುಂಕುಮ. ಸಾಮಾನುಗಳನ್ನು ಬಾಗಿಲ ಹೊರಗೆ ಜಮಖಾನದ ಮೇಲೆ ಜೋಡಿಸಿದ್ದರು. ನಮ್ಮಿಬ್ಬರಿಗಾಗಿ ಹೊರಗಿಟ್ಟರೋ, ಪದ್ಧತಿಯೇ ಹಾಗೋ, ಕೇಳಲಿಲ್ಲ. ಶೋಭಾ ಒಂದು ಗದೆ ಎತ್ತಲು ಹೋದಳು, ಮೊಣಕಾಲ ಮಟ್ಟಕ್ಕೆ ಬಂತು. ಎದುರು ಮನೆಯ ಅಜ್ಜಿ ಜಗಲಿಯಿಂದಲೇ “ಬೆನ್ನು ನೆಟ್ಟಗ್ ಮಾಡವ್ವ!” ಎಂದು ಕೂಗಿದರು. ಪುಳಿಯೋಗರೆ, ಕಡಲೆಕಾಳು ಉಸಲಿ, ಬೆಲ್ಲದ ಪಾನಕ. ಊಟವಾದ ಮೇಲೆ ತಾತ ಮಂಜನನ್ನು ಕಲ್ಲಿನ ಮೇಲೆ ಕೂರಿಸಿ, ಕುತ್ತಿಗೆಗೆ ಬಿಸಿ ಎಣ್ಣೆ ಹಚ್ಚಿ, ಊರಿನ ರಾಜಕೀಯ ಮಾತಾಡುತ್ತಲೇ ತಟ್ಟನೆ ಒಂದು ತಿರುವು ಕೊಟ್ಟರು. ಲಟಕ್ ಎಂದ ಸದ್ದು ನನಗೂ ಕೇಳಿಸಿತು. ಹಳೇ ಮೈಸೂರಿನಲ್ಲಿ ಮೂಳೆ ಜಾರಿದರೆ, ಉಳುಕಿದರೆ ಜನ ಹೋಗುತ್ತಿದ್ದುದು ಜಟ್ಟಿಗಳ ಹತ್ತಿರ. ಕೀಲು ಬಿಡಿಸುವುದನ್ನು ಕಲಿತವನಿಗೆ ಕೂಡಿಸುವುದೂ ಗೊತ್ತಿರಲೇಬೇಕಲ್ಲ. ಆದರೂ ಕುತ್ತಿಗೆಯ ವಿಷಯ ಬಂದರೆ ನೀವು ಡಾಕ್ಟರ ಹತ್ತಿರವೇ ಹೋಗಿ. ಮಂಜನ ತಲೆ ಬಲಕ್ಕೆ ಅರ್ಧ ತಿರುಗಿತು, ಪೂರ್ತಿ ಅಲ್ಲ.

ರಾತ್ರಿ ಅರಮನೆಯ ದೀಪ. ಸುಮಾರು 1 ಲಕ್ಷ ಬಲ್ಬುಗಳು ಒಟ್ಟಿಗೆ ಹತ್ತಿದಾಗ ಸುತ್ತಲಿನ ಸಾವಿರಾರು ಫೋನುಗಳೂ ಒಟ್ಟಿಗೆ ಮೇಲೆದ್ದವು. ನಾನೂ ಎತ್ತಿದೆ. ಅದರ ಬಗ್ಗೆ ಹೊಸದಾಗಿ ಬರೆಯಲು ಏನೂ ಉಳಿದಿಲ್ಲ.

ಮಂಗಳವಾರ

ವಜ್ರಮುಷ್ಟಿ ಕಾಳಗ ನಡೆಯುವುದು ವಿಜಯದಶಮಿಯ ಬೆಳಗ್ಗೆ ಅರಮನೆಯ ಒಳತೊಟ್ಟಿಯಲ್ಲಿ, ರಾಜಮನೆತನದವರ ಮುಂದೆ. ನಮ್ಮಂಥವರಿಗೆ ಒಳಗೆ ಜಾಗವಿಲ್ಲ. ನಾಗನ ಮನೆಯ ಟಿವಿಯ ಮುಂದೆ ಓಣಿಯ ಅರ್ಧ ಜನ ಕೂತಿದ್ದೆವು, ತಾತನೂ ಬಂದಿದ್ದರು. ನಾಲ್ವರು ಜಟ್ಟಿಗಳು, ಎರಡು ಜೋಡಿ. ತಲೆ ನುಣ್ಣಗೆ ಬೋಳಿಸಿ ಒಂದು ಜುಟ್ಟು ಮಾತ್ರ ಬಿಟ್ಟಿದ್ದರು. ಬಲಗೈ ಬೆರಳುಗಳಿಗೆ ಮೊನೆಗಳಿರುವ ಮುಷ್ಟಿಯಾಯುಧ. ಎದುರಾಳಿಯ ತಲೆಯಿಂದ ರಕ್ತದ ಮೊದಲ ಹನಿ ಬಂದರೆ ಮುಗಿಯಿತು.

ಮುಗಿದದ್ದು ಎಷ್ಟು ಬೇಗ ಎಂದರೆ ಶೋಭಾ ಕಾಫಿ ಲೋಟ ಕೆಳಗಿಟ್ಟು ತಲೆ ಎತ್ತುವಷ್ಟರಲ್ಲಿ ನಡುವೆ ನಿಂತ ಹಿರಿಯರು ಇಬ್ಬರನ್ನೂ ಬಿಡಿಸಿದ್ದರು. ಗೆದ್ದವರು ಯಾರು ಎಂದು ಅವಳು ಕೇಳಿದಳು. ತಾತ ನಕ್ಕರು: “ಇದ್ರಲ್ಲಿ ಗೆಲ್ಲೋದು ಸೋಲೋದು ಇಲ್ಲ ಮಗಾ. ರಕ್ತ ಬಿದ್ದ ಮ್ಯಾಲೆ ಸವಾರಿ ಹೊರಡ್ತದೆ.” ನಿಜವೇ. ಅದಾದ ಮೇಲೆಯೇ ಅರಮನೆಯ ವಿಜಯಯಾತ್ರೆ, ಬನ್ನಿಪೂಜೆ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವರ್ತಕ ನುನಿಜ್ ಕೂಡ ಮಹಾನವಮಿಯಲ್ಲಿ ಜಟ್ಟಿಗಳು ಕೈಯಲ್ಲಿ ಮೊನೆಯ ಬಳೆ ಹಿಡಿದು ಹೊಡೆದಾಡುವುದನ್ನು ಬರೆದಿಟ್ಟಿದ್ದಾನೆ. ಇಷ್ಟು ಹಳೆಯ ಆಟವನ್ನು ನೋಡಿ ನನಗೆ ರೋಮಾಂಚನವಾಗಬೇಕಿತ್ತು. ನಿಜ ಹೇಳಬೇಕೆಂದರೆ ಶನಿವಾರದ ಆ ಸಮಬಲದ ಕುಸ್ತಿಯೇ ಇದಕ್ಕಿಂತ ಹೆಚ್ಚು ಹಿಡಿದು ಕೂರಿಸಿತ್ತು. ಅಲ್ಲಿ ಏನಾಗುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಕಂಠೀರವ ಪಟ್ಟದ ಹೆಸರು ಎಲ್ಲಿಂದ ಎಂದು ಇರ್ಫಾನ್ ಕೆದಕಿದ. ಅದಕ್ಕೇ ಕಾದಿದ್ದವರಂತೆ ತಾತ ರಣಧೀರ ಕಂಠೀರವ ನರಸರಾಜ ಒಡೆಯರ ಕಥೆ ಎತ್ತಿಕೊಂಡರು. ತಿರುಚಿರಾಪಳ್ಳಿಯ ಊರಬಾಗಿಲಿಗೆ ಅಲ್ಲಿಯ ಜಟ್ಟಿಯೊಬ್ಬ ತನ್ನ ಚಲ್ಲಣ ಕಟ್ಟಿ, ಸೋಲಿಸುವವರಿಲ್ಲದಿದ್ದರೆ ಅದರ ಕೆಳಗೇ ನುಸಿದು ಹೋಗಿ ಎಂದಿದ್ದನಂತೆ. ದೊರೆ ವೇಷ ಮರೆಸಿಕೊಂಡು ಹೋಗಿ, ಅವನನ್ನು ಮುಗಿಸಿ, ಹೆಸರು ಬರೆದಿಟ್ಟು ರಾತ್ರೋರಾತ್ರಿ ವಾಪಸ್. ಜನ ಹೇಳಿಕೊಂಡು ಬಂದ ಕಥೆ ಇದು. ತಾತ ಮಾತ್ರ ಪಕ್ಕದಲ್ಲೇ ನಿಂತು ನೋಡಿದವರ ಹಾಗೆ ಹೇಳಿದರು, ಯಾವ ಪಟ್ಟು ಹಾಕಿದರು ಎಂಬುದರ ಸಮೇತ.

ಜಂಬೂ ಸವಾರಿಯನ್ನು ಸಯ್ಯಾಜಿರಾವ್ ರಸ್ತೆಯಲ್ಲಿ ನಾಗನ ಸೋದರಮಾವನ ಅಂಗಡಿಯ ಮಾಳಿಗೆಯಿಂದ ನೋಡಿದೆವು. ಬೆಳಗ್ಗೆ ಹತ್ತಕ್ಕೇ ಜಾಗ ಹಿಡಿಯಬೇಕು, ನೀರು ಮತ್ತು ಟೋಪಿ ಜೊತೆಗಿರಬೇಕು, ಕೆಳಗೆ ಇಳಿದರೆ ಮತ್ತೆ ಹತ್ತಲು ಬಿಡುವುದಿಲ್ಲ. 750 ಕೆಜಿಯ ಅಂಬಾರಿ ಹೊತ್ತ ಆನೆ ಬಂದದ್ದು ಬಲಗಡೆಯಿಂದ. ಮಂಜ ಇಡೀ ಮೈ ತಿರುಗಿಸಿ, ಗೋಡೆಗೆ ಬೆನ್ನು ಕೊಟ್ಟು ನೋಡಿದ. ಪಕ್ಕದ ಹೆಂಗಸು ಅವನಿಗೆ ಭಕ್ತಿ ಹೆಚ್ಚಾಗಿದೆ ಎಂದುಕೊಂಡು ಮುಂದಕ್ಕೆ ಜಾಗ ಬಿಟ್ಟುಕೊಟ್ಟರು.

ಅದೇ ರಾತ್ರಿ ಹೊರಡುವುದು ಬೇಡ ಎಂದು ನಾಗ ತಡೆದ. ಪಂಜಿನ ಕವಾಯತು ಮುಗಿದು ಬನ್ನಿಮಂಟಪದಿಂದ ಹೊರಬೀಳುವ ಜನ, ಬೆಂಗಳೂರು ರಸ್ತೆ ಹಿಡಿಯುವ ಕಾರುಗಳು, ಎಲ್ಲ ಕರಗಲು ನಡುರಾತ್ರಿಯಾಗುತ್ತದೆ. ಬುಧವಾರ ಐದಕ್ಕೆ ಹೊರಟೆವು, ರಸ್ತೆ ಖಾಲಿ. ಮಂಡ್ಯ ದಾಟುವ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಹಳೇ ಜಗಳ ಶುರುವಾಯಿತು: ಇನ್ನೈದು ನಿಮಿಷ ಕೊಟ್ಟಿದ್ದರೆ ಗೆಲ್ಲುತ್ತಿದ್ದವನು ಯಾರು? ಇರ್ಫಾನ್ ಬೆಳಗಾವಿಯವನ ಕಡೆ, ದೊಡ್ಡ ಮೈ ಉಸಿರು ಉಳಿಸಿಕೊಂಡು ಕಾಯುತ್ತಿತ್ತು ಅಂದ. ಅವನ ಎರಡೂ ಪಾದ ಆಗಲೇ ಮಣ್ಣು ಬಿಟ್ಟಿದ್ದವು, ನಾನು ನೋಡಿದ್ದೇನೆ ಎಂದು ನಾನು ಹಟ ಹಿಡಿದೆ. ಬಾಯಲ್ಲಿ ತೀರದೆ ಇರ್ಫಾನ್ ಆ ಪಟ್ಟು ಹೇಗಿತ್ತೆಂದು ತೋರಿಸಲು ಮುಂದಿನ ಸೀಟಿನ ಕಡೆ ಕೈ ಚಾಚಿದ. ಮಂಜ ಎರಡೂ ಕೈಯಲ್ಲಿ ಕುತ್ತಿಗೆ ಮುಚ್ಚಿಕೊಂಡು ಕಿರುಚಿದ: “ಲೇ, ಶೋಭಾ ಮ್ಯಾಲೆ ತೋರ್ಸಲೇ!”